ಅಸಲಿಗೆ

ಮೊದಲ ಕಂತು ಕಟ್ಟಿದ ದಿನ
ಕುಶಾಲನಗರದ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕೂತು
ಚೀಟಿ ಓದಿದೆ.
ಎಂಟು ಸಾವಿರದ ತೊಂಬತ್ತೇಳು ಕೊಟ್ಟಿದ್ದೆ.
ಬಡ್ಡಿಗೆ ಆರು ಸಾವಿರದ ಏಳುನೂರ ಐವತ್ತು,
ಅಸಲಿಗೆ ಉಳಿದ ಚೂರು.
ಇಪ್ಪತ್ತೆರಡು ವರ್ಷ ಬಟ್ಟೆ ಕತ್ತರಿಸಿದವನು,
ಐದು ಮೀಟರು ಕೊಟ್ಟು ಒಂದು ಕಾಲರು ತಂದೆ ಅಂತ
ಯಾರ ಹತ್ತಿರ ಹೇಳಲಿ?

ಸುಗುಣಳಿಗೆ ಹೇಳಿದೆ.
ಅವಳು ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ
ಕಾಫಿಬೀಜ ಆರಿಸುವವಳು.
ರಾಶಿಯೊಳಗಿನ ಕಪ್ಪು ಬೀಜ ಅವಳ ಬೆರಳಿಗೇ ಗೊತ್ತು.
"ರಾಶಿ ನೋಡಬಾರದು," ಅಂದಳು,
"ನೋಡಿದರೆ ಕೈ ಓಡಲ್ಲ."

ಆವತ್ತಿನಿಂದ ಮಿಷನ್ನಿನ ಡ್ರಾಯರಿನಲ್ಲಿ
ಗುಂಡಿಗಳ ಪಕ್ಕ ಒಂದು ಬಿಸ್ಕತ್ತಿನ ಡಬ್ಬ.
ಜಿಪ್ ಬದಲಾಯಿಸಿದ ಮೂವತ್ತು,
ಪ್ಯಾಂಟಿನ ಕಾಲು ಮಡಿಸಿದ ನಲವತ್ತು,
ಜೂನಿನ ಯೂನಿಫಾರ್ಮು, ಮದುವೆ ತಿಂಗಳ ಕರೀ ಕುಪ್ಯ,
ಲೋಸಾರಿಗೆ ಮುಂಚೆ ಬೈಲಕುಪ್ಪೆಯಿಂದ ಬರುವ ಛುಪಾ.
ಅಜ್ಜಿ ಡೋಲ್ಕರ್‌ಗೆ ಪ್ರತಿ ವರ್ಷ ಅದೇ ಬೂದು ಬಣ್ಣ,
ಪ್ರತಿ ವರ್ಷ ಅರ್ಧ ಇಂಚು ಗಿಡ್ಡ.
ನನ್ನ ಸಾಲವೂ ಹೀಗೇ ಇಳಿಯಲಿ ಅಂದುಕೊಂಡು
ನಾಚಿಕೆಯಾಗಿ ಟೇಪು ಸುತ್ತಿಟ್ಟೆ.

ಐದನೇ ತಾರೀಕು ಕಂತು ತಾನಾಗಿ ಹೋಗುತ್ತಿತ್ತು.
ಹತ್ತಕ್ಕೆ ನಾನು ಹೋಗುತ್ತಿದ್ದೆ.
ಎರಡು ಸಾವಿರ. ಒಮ್ಮೆ ನಾಲ್ಕು. ಒಮ್ಮೆ ಬರೀ ಆರುನೂರ ಐವತ್ತು.
ಕೌಂಟರಿನ ಮಂದಣ್ಣ ಕನ್ನಡಕ ಇಳಿಸಿ,
"ಮುಂದಿನ ಕಂತಿಗೆ ಇಟ್ಕೊಳ್ಳೋದಾ?"
"ಅಲ್ಲ ಸಾರ್. ಅಸಲಿಗೆ."
ಚಲನ್ನಿನ ಮೇಲೆ ನಾನೇ ದಪ್ಪಕ್ಕೆ ಬರೆದು
ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ, ಜೋಡಿ ಹೊಲಿಗೆಯ ಹಾಗೆ.
ಮೂವರು ಮ್ಯಾನೇಜರು ಬಂದು ಹೋದರು.
ಒಬ್ಬರು ಕೂರಿಸಿ, ಚಹಾ ತರಿಸಿ, ಬುದ್ಧಿ ಹೇಳಿದರು:
ಇಷ್ಟು ಅವಸರ ಯಾಕೆ, ಸಾಲ ಇದ್ದರೆ ಶಿಸ್ತು ಇರುತ್ತದೆ.
ಚಹಾ ಚೆನ್ನಾಗಿತ್ತು.

ಕಾವೇರಿ ಒಂದು ಆಗಸ್ಟಿನಲ್ಲಿ ನಮ್ಮ ಬಡಾವಣೆಗೂ ಬಂದಳು,
ಮೂರನೇ ಮೆಟ್ಟಿಲ ತನಕ.
ಮಿಷನ್ನನ್ನು ಮಂಚದ ಮೇಲಿಟ್ಟು ರಾತ್ರಿಯೆಲ್ಲ ಎಣಿಸಿದೆ,
ಮೆಟ್ಟಿಲು ಎಷ್ಟು ನಮ್ಮದು, ಎಷ್ಟು ಬ್ಯಾಂಕಿನದು.
ನೀರಿಳಿದ ಮೇಲೆ ಡಬ್ಬದಲ್ಲಿ ನಾನೂರು ರೂಪಾಯಿ.
ಕೆಸರುಗಾಲಿನಲ್ಲೇ ಹೋಗಿ ಇಟ್ಟೆ.
ಮಂದಣ್ಣ ಏನೂ ಕೇಳಲಿಲ್ಲ,
ಚಲನ್ನು ತನ್ನ ಕಡೆ ಎಳೆದುಕೊಂಡು
ತಾನೇ ಬರೆದ: ಅಸಲಿಗೆ.

ಮಗಳ ಸೈಕಲ್ಲು ಒಂದು ವರ್ಷ ತಡವಾಯಿತು.
ಅದು ನೆನಪಿದೆ, ಅವಳೂ ನೆನಪಿಸುತ್ತಾಳೆ.
ಸುಗುಣ ಹಲ್ಲುನೋವಿಗೆ ಲವಂಗ ಕಚ್ಚಿ
ಎರಡು ತಿಂಗಳು ದೂಡಿದ್ದು ಮಾತ್ರ ನನಗೆ ತಿಳಿಯಲಿಲ್ಲ.
ಆಮೇಲೆ ಕೀಳಿಸಬೇಕಾಯಿತು.
ಆ ಹಲ್ಲಿನ ದುಡ್ಡು ಯಾವ ತಿಂಗಳ ಚಲನ್ನಿನಲ್ಲಿದೆ ಎಂದು
ಪಾಸ್‌ಬುಕ್ಕು ಎರಡು ಸಲ ತಿರುವಿದೆ.
ಅಲ್ಲಿ ಹಾಗೆಲ್ಲ ಬರೆದಿರುವುದಿಲ್ಲ.

ಹನ್ನೆರಡನೇ ವರ್ಷ, ಒಂದು ಶುಕ್ರವಾರ,
ಕ್ರಯಪತ್ರ ಕೈಗೆ ಬಂತು.
ಜಿರಲೆಗುಳಿಗೆಯ ವಾಸನೆ,
ಕೊನೆಯ ಪುಟದಲ್ಲಿ ನನ್ನದೇ ಸಹಿ, ಈಗ ಹಾಕಲು ಬಾರದಷ್ಟು ನೆಟ್ಟಗೆ.
ಮನೆಗೆ ಬಂದು ಗೇಟಿನಾಚೆ ನಿಂತು ನೋಡಿದೆ.
ಅಸಲಿಗೆ, ನಮ್ಮ ಗೋಡೆ ಹಳದಿ ಅಂತ ಕಂಡದ್ದು ಆಗಲೇ.
ಇಪ್ಪತ್ತರಲ್ಲಿ ಎಂಟು ವರ್ಷ ಕತ್ತರಿಸಿ ತೆಗೆದಿದ್ದೇವೆ.
ಉಳಿದ ಬಟ್ಟೆಯನ್ನು ದರ್ಜಿ ಎಸೆಯುವುದಿಲ್ಲ,
ಆದರೆ ಅದರಲ್ಲಿ ಏನು ಹೊಲಿಯಬೇಕು ಅಂತ
ಇಬ್ಬರಿಗೂ ಹೊಳೆಯಲಿಲ್ಲ. ಮೀನು ತಂದೆವು, ಅಷ್ಟೇ.

ಮುಂದಿನ ತಿಂಗಳು ಹತ್ತಕ್ಕೆ
ಡಬ್ಬ ಕೈಯಲ್ಲಿ, ಕಾಲು ಬ್ಯಾಂಕಿನ ಕಡೆ.
ಸುಗುಣ ಪಕ್ಕದಲ್ಲಿದ್ದಳು.
ಬ್ಯಾಂಕಿನ ಮೆಟ್ಟಿಲು ದಾಟಿಸಿ
ಎದುರಿನ ಕಟ್ಟಡದ ಮಹಡಿಗೆ, ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದೆ.
ರಿಸೆಪ್ಷನ್ನಿನ ಹುಡುಗಿ ಕೇಳಿದಳು:
"ಪೂರ್ತಿ ಕೊಡ್ತೀರಾ, ಕಂತಿನಲ್ಲಾ?"
ಸುಗುಣ ನಕ್ಕಳು,
ಖಾಲಿ ಜಾಗಕ್ಕೆ ಕೈ ಅಡ್ಡ ಹಿಡಿಯಲು ಮರೆತು.